ಸುಟ್ಟ ಆರ್ಕಿಡ್‌ಗಳ ಬಾಣಂತನ

ಬೆಂಕಿ ಬಿದ್ದ ಮರುದಿನ ಮುಂಜಾನೆ ನಾನು ಹಸಿರುಮನೆಗೆ ಹೋದಾಗ ಬಾಗಿಲ ಮುಂದೆ ಚಪ್ಪಲಿಗಳ ರಾಶಿಯೇ ಬಿದ್ದಿತ್ತು. ಒಳಗೆ ಹೋಗುವ ಹೆಂಗಸರು ತಲೆತುಂಬ ಸೆರಗು ಹೊದ್ದಿದ್ದರು, ಹೊರಗೆ ಬರುವವರು ಅದೇ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಒಬ್ಬರು ಬುಟ್ಟಿಯಲ್ಲಿ ರೊಟ್ಟಿ, ಪುಂಡಿಪಲ್ಯ, ಮೊಸರನ್ನ ಕಟ್ಟಿಕೊಂಡು ಬಂದಿದ್ದರು. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವಾದ್ದರಿಂದ ನೆರೆಯವರು, ಬೀಗರು ಬುತ್ತಿ ತರುವುದು ನಮ್ಮ ಕಡೆಯ ರೂಢಿ. ಗಿಡ ಸುಟ್ಟರೂ ಬುತ್ತಿ ಬರುತ್ತದೆ ಎಂಬುದು ಮಾತ್ರ ನನಗೆ ಅಂದೇ ಗೊತ್ತಾಯಿತು.

ಬುತ್ತಿಯ ಬಗ್ಗೆ ನನ್ನ ತಕರಾರು ಇರಲಿಲ್ಲ, ಆ ಪುಂಡಿಪಲ್ಯ ಚೆನ್ನಾಗಿಯೇ ಇತ್ತು. ತಕರಾರು ಇದ್ದದ್ದು ತಂಬಿಗೆಯ ಬಗ್ಗೆ. ಬಂದವರೆಲ್ಲ ಬಾಗಿಲ ಬಳಿಯ ಡ್ರಮ್ಮಿನಿಂದ ಒಂದು ತಂಬಿಗೆ ನೀರು ತುಂಬಿಕೊಂಡು, “ಅಯ್ಯ ಶಿವನ, ಎಷ್ಟ ಉರದಾವೋ ಪಾಪ” ಎನ್ನುತ್ತ ಕೈಗೆ ಸಿಕ್ಕ ಗಿಡದ ನೆತ್ತಿಯ ಮೇಲೆ ಸುರಿದು ಹೋಗುತ್ತಿದ್ದರು. ನಾನು ಕೂಗಿದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಹುಡುಕಬೇಕಾಗಿಲ್ಲ. ಕೂಗಿದ್ದನ್ನು ಕೇಳಿದ ಒಬ್ಬ ಅಜ್ಜಿ, “ಪಾಪ, ಮಾಸ್ತರಗೂ ಭಾಳ ಸಂಕಟ ಆಗೈತಿ” ಎಂದು ಉಳಿದ ಅರ್ಧ ತಂಬಿಗೆ ನೀರನ್ನು ನನಗೆ ಕುಡಿಯಲು ಕೊಟ್ಟರು.

ನಾನು ಯಾರಿಗೂ ಪಾಠ ಹೇಳಿದವನಲ್ಲ. ಕನ್ನಡಕ ಹಾಕಿಕೊಂಡು, ಗಿಡದ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತೇನೆಂದು ಎಲ್ಲರೂ ಮಾಸ್ತರ ಎನ್ನುತ್ತಿದ್ದರು. ನನ್ನ ಊರು ಬಾದಾಮಿ. ಕೆಲಸ, ಇಳಕಲ್ಲಿನಿಂದ ಹುನಗುಂದಕ್ಕೆ ಹೋಗುವ ರಸ್ತೆಯ ಬದಿಗಿದ್ದ ಈ ಆರ್ಕಿಡ್ ಮನೆಯನ್ನು ನೋಡಿಕೊಳ್ಳುವುದು. ಜಾಗ ಸೀರೆ ವ್ಯಾಪಾರದ ಒಂದು ಮನೆತನದ್ದು. ಮನೆತನದಲ್ಲಿ ಇಬ್ಬರು ಅಣ್ಣತಮ್ಮಂದಿರು. ದೊಡ್ಡ ಸಾವಕಾರರಿಗೆ ಮಗ್ಗ, ನೂಲು, ಬಣ್ಣ ಬಿಟ್ಟರೆ ಬೇರೆ ಲೋಕ ಗೊತ್ತಿರಲಿಲ್ಲ. ಸಣ್ಣ ಸಾವಕಾರರಿಗೆ ಆರ್ಕಿಡ್ ಬಿಟ್ಟರೆ ಬೇರೆ ಲೋಕ ಬೇಕಿರಲಿಲ್ಲ. ಎಲ್ಲೋ ಮಳೆಕಾಡಿನ ಕೊಂಬೆಗೆ ಅಂಟಿಕೊಂಡು ಬದುಕುವ ಗಿಡಗಳನ್ನು ಈ ಉರಿಬಿಸಿಲಿನ ನಾಡಿಗೆ ತಂದು, ಫ್ಯಾನು ಹಚ್ಚಿ, ತುಂತುರು ಬಿಟ್ಟು, ವರ್ಷಗಟ್ಟಲೆ ಸಾಕಿದ್ದರು. ಅವರಿಗೆ ಮಕ್ಕಳಿರಲಿಲ್ಲ ಎಂದು ಬರೆದರೆ ಓದುವವರು ಹೌದೆಂದು ತಲೆಯಾಡಿಸಬಹುದು. ಆದರೆ ಮೂವರು ಮಕ್ಕಳಿದ್ದರು, ಮೂವರೂ ಗಟ್ಟಿಮುಟ್ಟಾಗಿದ್ದರು, ಅಪ್ಪನ ಹುಚ್ಚಿಗೆ ಮೂವರೂ ಕೂಡಿ ನಗುತ್ತಿದ್ದರು.

ಬೆಂಕಿಯ ಕಥೆ ಚಿಕ್ಕದು. ಹಸಿರುಮನೆಯ ಒಂದು ಗೋಡೆಗೆ, ಕೂಲರಿನಲ್ಲಿ ಇರುವಂಥದ್ದೇ ಆದರೆ ಆಳೆತ್ತರದ, ಕಾಗದದ ತಟ್ಟಿ. ಮೇಲಿನಿಂದ ನೀರು ಸೋರಿ ತಟ್ಟಿ ಒದ್ದೆಯಾಗಿರಬೇಕು, ಎದುರು ಗೋಡೆಯ ಫ್ಯಾನು ಆ ತಂಪನ್ನು ಒಳಗೆಳೆಯಬೇಕು. ಬೇಸಿಗೆಯ ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂತು. ಫ್ಯಾನು ತಿರುಗಿತು, ನೀರಿನ ಮೋಟರು ತಿರುಗಲಿಲ್ಲ. ತಟ್ಟಿ ಒಣಗಿ ಹಪ್ಪಳವಾಯಿತು. ಅದರ ಪಕ್ಕದ ವೈರಿನಿಂದ ಒಂದು ಕಿಡಿ ಬಿತ್ತು, ಅಷ್ಟೇ. ಪಕ್ಕದ ಮಗ್ಗದ ಶೆಡ್ಡಿನವರು ಕೊಡ, ಬಕೆಟ್ಟು, ಬೋರಿನ ಪೈಪು ಹಿಡಿದು ಓಡಿ ಬಂದರು. ಅಗ್ನಿಶಾಮಕದವರು ಬರುವ ಹೊತ್ತಿಗೆ ಆರಿಸಲು ಏನೂ ಉಳಿದಿರಲಿಲ್ಲವಾದ್ದರಿಂದ ಚಹಾ ಕುಡಿದು ಹೋದರು.

ತಟ್ಟಿಯ ಕಡೆಯ ಅರ್ಧ ಭಾಗ ಪೂರ್ತಿ ಬೂದಿ. ಉಳಿದರ್ಧದಲ್ಲಿ ಗಿಡಗಳು ಇದ್ದವು, ಆದರೆ ಇದ್ದ ರೀತಿ ನೋಡುವಂತಿರಲಿಲ್ಲ. ಎಲೆಗಳು ಬೆಂದು ಬಾಡಿದ್ದವು, ಕಾಂಡಕ್ಕೆ ಮಸಿ, ಮೇಲೆ ಹಾಕಿದ್ದ ನೆರಳಿನ ಬಲೆ ಮತ್ತು ಪ್ಲಾಸ್ಟಿಕ್ ಹಾಳೆ ಕರಗಿ ಕುಂಡಕುಂಡಕ್ಕೂ ಹನಿಹನಿಯಾಗಿ ಅಂಟಿತ್ತು.

ದೊಡ್ಡ ಸಾವಕಾರರು ಬಂದು, ಒಂದು ಸುತ್ತು ಹಾಕಿ, ಗೋಡೆ ತಟ್ಟಿ ನೋಡಿದರು. “ಹೂವಿನ ಆಟ ಸಾಕು. ಇಲ್ಲಿ ಪವರ್‌ಲೂಮ್ ಹಾಕೂಣು. ಗ್ವಾಡಿ ಗಟ್ಟಿ ಅದಾವ, ಕರೆಂಟ್ ಲೈನ್ ಐತಿ.”

ಸಣ್ಣ ಸಾವಕಾರರು ಸುಟ್ಟ ಬೆಂಚಿನ ಮೇಲೆ ಕುಳಿತಿದ್ದವರು ಏಳಲಿಲ್ಲ. ಬಿಳಿ ಪಾಯಜಾಮಕ್ಕೆ ಮಸಿ ಹತ್ತಿದ್ದೂ ಗೊತ್ತಿರಲಿಲ್ಲ. ಮಾತಾಡಿದವರು ಇಬ್ಬರ ತಾಯಿ. ಊರೆಲ್ಲ ಅವರನ್ನು ಅವ್ವಾರು ಎನ್ನುತ್ತಿತ್ತು.

“ನಾಗರಪಂಚಮಿ ತನಕ ಬಿಡಪಾ. ಇನ್ನೂ ಬೂದಿ ಆರಿಲ್ಲ, ಈಗ ಮಗ್ಗದ ಮಾತು ತಗೀತಿ?”

ದೊಡ್ಡವರು ತಾಯಿಯ ಮಾತು ಮೀರುವವರಲ್ಲ. “ಆತು. ಪಂಚಮಿ ದಿನ ಬರ್ತೇನಿ. ಹೊಸಾ ಬೇರೋ, ಹೊಸಾ ಚಿಗುರೋ, ಜೀವ ಐತಿ ಅನ್ನೂದು ನನ್ನ ಕಣ್ಣಿಗೆ ಕಾಣಬೇಕು. ಇಲ್ಲಂದ್ರ ಮಗ್ಗ ಬರ್ತಾವ, ಮತ್ತ ಯಾರೂ ಅಳಬಾರ್ದು.”

ಅವರು ಹೋದ ಮೇಲೆ ಸಣ್ಣ ಸಾವಕಾರರು ನನ್ನ ಎರಡೂ ಕೈ ಹಿಡಿದುಕೊಂಡರು. “ಮಾಸ್ತರ, ನನಗ ಬ್ಯಾರೇ ಚಟಾ ಇಲ್ರಿ. ಇದೊಂದ ಇತ್ತು. ಉಳಸ್ರಿ.” ಅಷ್ಟು ದೊಡ್ಡ ಮನುಷ್ಯ ಹಾಗೆ ಬೇಡಿಕೊಂಡದ್ದು ನನ್ನ ಕರುಳಿಗೆ ತಾಗಿತು. ಉಳಿಸುತ್ತೇನೆ ಎಂದುಬಿಟ್ಟೆ. ಹೇಗೆ ಎಂದು ಆಗ ನನಗೂ ಗೊತ್ತಿರಲಿಲ್ಲ.

ಸುಟ್ಟ ಆರ್ಕಿಡ್‌ನ ವಿಷಯದಲ್ಲಿ ಮೊದಲ ನಿಯಮ ಏನೂ ಮಾಡದೆ ಇರುವುದು. ಬೆಂದ ಎಲೆಯ ಚರ್ಮ ಒಡೆದಿರುತ್ತದೆ. ಅಲ್ಲಿ ನೀರು ನಿಂತರೆ, ನಮ್ಮ ಸೆಖೆಗೆ, ಎರಡೇ ದಿನದಲ್ಲಿ ಕೊಳೆ ಹಿಡಿದು ಬುಡದವರೆಗೂ ಇಳಿಯುತ್ತದೆ. ಆದ್ದರಿಂದ ಗಿಡ ಒಣಗಿರಬೇಕು, ಗಾಳಿ ಮಾತ್ರ ತೇವವಾಗಿರಬೇಕು. ಕತ್ತರಿಸಲೂ ಅವಸರ ಮಾಡಬಾರದು. ಸತ್ತ ಭಾಗ ಎಲ್ಲಿ ಮುಗಿದು ಬದುಕಿದ ಭಾಗ ಎಲ್ಲಿ ಶುರುವಾಗುತ್ತದೆ ಎಂಬ ಗೆರೆಯನ್ನು ಗಿಡವೇ ಎಳೆದು ತೋರಿಸಬೇಕು. ಅಲ್ಲಿಯವರೆಗೆ ನೆರಳು ಮಾಡಿ, ಮಸಿ ಒರೆಸಿ, ಕಾಯುವುದು.

ನಾವು ತಾಡಪತ್ರಿ ಕಟ್ಟಿ ಅದರ ಕೆಳಗೆ ಎರಡು ಪದರು ಬಲೆ ಎಳೆದೆವು. ಕೆಲಸದ ಹೆಂಗಸರು ಹಳೆಯ ಮೆತ್ತನೆಯ ಸೀರೆ ತುಂಡುಗಳಿಂದ ಮಸಿ ಒರೆಸಿದರು. ಕರಗಿ ಅಂಟಿದ ಪ್ಲಾಸ್ಟಿಕ್ಕನ್ನು ನಾನು ಬ್ಲೇಡಿನಿಂದ ಒಂದೊಂದಾಗಿ ಬಿಡಿಸಿದೆ. ಎಳೆದರೆ ತೊಗಟೆಯೂ ಬರುತ್ತಿತ್ತು, ಹೀಗಾಗಿ ಒಂದು ಕುಂಡಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು. ಬ್ಲೇಡನ್ನು ಪ್ರತಿ ಗಿಡಕ್ಕೂ ಸ್ಪಿರಿಟ್ ದೀಪದ ಉರಿಯಲ್ಲಿ ಹಿಡಿದು ಶುದ್ಧ ಮಾಡಬೇಕು. ಮೊದಲ ಸಲ ಕಡ್ಡಿ ಗೀರಿದಾಗ ಕಾವಲುಗಾರ “ಏ ಮಾಸ್ತರ!” ಎಂದು ಚೀರಿ ನನ್ನ ಕೈಯ ಮೇಲೆ ಒಂದು ಬಕೆಟ್ ಮರಳು ಸುರಿದ. ಬೆಂಕಿ ಬಿದ್ದ ದಿನದಿಂದ ಆತ ಬೀಡಿ ಬಿಟ್ಟು ಮರಳಿನ ಬಕೆಟ್ಟಿನ ಪಕ್ಕದಲ್ಲೇ ಮಲಗುತ್ತಿದ್ದ. ಆಮೇಲೆ ನಾನು ದೀಪವನ್ನು ರಸ್ತೆಯ ಬದಿಗೆ ಇಟ್ಟುಕೊಂಡು, ಬ್ಲೇಡು ಹಿಡಿದು ಒಳಗೂ ಹೊರಗೂ ಓಡಾಡಿದೆ. ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ಬಗ್ಗಿ ನೋಡುತ್ತಿದ್ದರು.

ಗಾಳಿ ತೇವವಾಗಲೆಂದು ಸುತ್ತಲೂ ಗೋಣಿ ತಾಟುಗಳನ್ನು ಇಳಿಬಿಟ್ಟು ಅವನ್ನು ಒದ್ದೆ ಮಾಡುತ್ತಿದ್ದೆ, ನೆಲಕ್ಕೂ ನೀರು ಹೊಡೆಸುತ್ತಿದ್ದೆ. ಇದು ಊರಿನಲ್ಲಿ ದೊಡ್ಡ ಸುದ್ದಿಯಾಯಿತು. ಚಹಾದ ಅಂಗಡಿಯಲ್ಲಿ ಒಬ್ಬರು ನನ್ನ ಬೆನ್ನ ಹಿಂದೆಯೇ ಹೇಳುತ್ತಿದ್ದರು. “ನೆಲಕ್ಕ ನೀರ ಹಾಕತಾನ, ಚೀಲಕ್ಕ ನೀರ ಹಾಕತಾನ, ಗಿಡಕ್ಕ ಮಾತ್ರ ಒಂದ ಹನಿ ಇಲ್ಲ. ಸುಟ್ಟದ್ದು ಗಿಡಾ ಅಲ್ಲೋ, ಅವನ ತಲಿ.”

ಊರಿನ ಕರುಣೆಗೆ ಇಷ್ಟು ಸಾಕಾಯಿತು. ಮಾಸ್ತರ ಕೊಡದಿದ್ದರೆ ನಾವಾದರೂ ಕೊಡೋಣ ಎಂದು ಜನ ತೀರ್ಮಾನಿಸಿದರು. ನಾನು ಕೆಂಪು ಬಣ್ಣದಲ್ಲಿ ‘ಗಿಡಗಳಿಗೆ ನೀರು ಹಾಕಬಾರದು’ ಎಂದು ಬೋರ್ಡು ಬರೆಸಿ ಹಾಕಿದೆ. ಓದಿದವರು, “ಇದು ಕೆಲಸದವರಿಗೆ ಬರದದ್ದು, ನಮಗಲ್ಲ” ಎಂದು ಒಳಗೆ ಹೋದರು. ಬೀಗ ಹಾಕಿದೆ. ಸಣ್ಣ ಸಾವಕಾರರೇ ಬಂದು ತೆಗೆದರು. “ದುಃಖ ಕೇಳಾಕ ಬಂದವ್ರ ಮುಂದ ಬಾಗಲಾ ಹಾಕಿದ್ರ ಹೆಂಗ್ರಿ ಮಾಸ್ತರ? ನಾಳೆ ನಾವು ಅವರ ಮನಿಗೆ ಹೋಗಬೇಕಲ್ಲ?” ಮರೋಳದಿಂದ ಅವರ ಬೀಗರು ಒಂದು ಟ್ರ್ಯಾಕ್ಸ್ ತುಂಬ ಬಂದರು. ಅಷ್ಟೂ ಜನ ಒಬ್ಬೊಬ್ಬರಾಗಿ ಸಾವಕಾರರನ್ನು ತಬ್ಬಿಕೊಂಡು, ಒಂದೊಂದು ತಂಬಿಗೆ ಸುರಿದು, ಊಟ ಮಾಡಿ ಹೋದರು. ನಾನು ಮೂಲೆಯಲ್ಲಿ ನಿಂತು ಹಲ್ಲು ಕಡಿದೆ.

ಒಂದು ವಾರದಲ್ಲಿ ಕೊಳೆ ಕಾಣಿಸಿಕೊಂಡಿತು. ಎಲೆ ಬುಡ ಕಂದಿ, ಒತ್ತಿದರೆ ನೀರು ಜಿನುಗಿ, ನಾರುತ್ತಿತ್ತು. ವಿಚಿತ್ರವೆಂದರೆ ದಾರಿಯ ಎರಡೂ ಪಕ್ಕದ ಸಾಲುಗಳು ಮಾತ್ರ ಕೊಳೆತಿದ್ದವು. ಕೈ ಎಟುಕದ ಹಿಂದಿನ ಸಾಲು ಒಣಗಿ, ಕುರೂಪಿಯಾಗಿ, ಗಟ್ಟಿಯಾಗಿ ಕುಳಿತಿತ್ತು. ಊರಿನ ಕರುಣೆಯ ತೋಳು ಎಷ್ಟು ಉದ್ದ ಎಂದು ಅಲ್ಲಿ ಗೆರೆ ಎಳೆದು ತೋರಿಸಬಹುದಿತ್ತು. ಆದರೆ ಮರುದಿನ ಹಿಂದಿನ ಸಾಲಿನ ಒಂದು ಕುಂಡವೂ ಒದ್ದೆಯಾಗಿತ್ತು. ಅಲ್ಲಿಗೆ ಹೋಗಬೇಕಾದರೆ ಬೆಂಚಿನ ಕೆಳಗೆ ತೂರಬೇಕು. ನಾನು ಬೆಳಗಾಗುವ ಮುಂಚೆಯೇ ಬಂದು ಗೋಣಿ ತಾಟಿನ ಹಿಂದೆ ನಿಂತೆ. ಸ್ವಲ್ಪ ಹೊತ್ತಿಗೆ ಬೆಂಚಿನ ಕೆಳಗಿನಿಂದ ಒಂದು ತಂಬಿಗೆ ಮೊದಲು ಬಂತು, ಅದರ ಹಿಂದೆ ಸಣ್ಣ ಸಾವಕಾರರು ಮೊಣಕಾಲಿನ ಮೇಲೆ ಬಂದರು.

“ಸಾವಕಾರ್ರ!”

ಅವರು ತಲೆ ಎತ್ತಿದ ರಭಸಕ್ಕೆ ಬೆಂಚು ತಲೆಗೆ ಬಡಿಯಿತು. “ಒಂದ ತಂಬಗಿ ಮಾಸ್ತರ... ನೀರಡಿಸಿದ್ವೇನೋ ಅನಸ್ತು. ಮನಸ ತಡೀಲಿಲ್ಲ.”

ಹದಿನೈದು ವರ್ಷ ಆರ್ಕಿಡ್ ಸಾಕಿದ ಮನುಷ್ಯ. ನೀರು ಹೆಚ್ಚಾದರೆ ಏನಾಗುತ್ತದೆ ಎಂದು ನನಗೇ ಹೇಳಿಕೊಡಬಲ್ಲವರು. ಅವರಿಗೇ ತಡೆಯಲಾಗದಿದ್ದರೆ ಊರಿಗೆ ನಾನು ಏನು ಹೇಳಲಿ? ಉರಿದದ್ದಕ್ಕೆ ನೀರು ಹಾಕಬೇಕು, ಈ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಪುಣ್ಯ ಇನ್ನೊಂದಿಲ್ಲ. ಪುಣ್ಯದ ವಿರುದ್ಧ ಬೋರ್ಡು ಬರೆಯಲು ಹೊರಟವನು ನಾನು. ಅಂದು ನಿಜವಾಗಿಯೂ ಕೈಚೆಲ್ಲಿದೆ. ಎರಡು ದಿನ ರಜೆ ಹಾಕಿ ಗುಳೇದಗುಡ್ಡಕ್ಕೆ ಹೋದೆ.

ಹೆಂಡತಿ ಆಗ ಹಡೆದು ತವರಿನಲ್ಲಿದ್ದಳು. ಮುಂದಿನ ಕೋಣೆಯಲ್ಲಿ ಮಾವ ಖಣದ ಮಗ್ಗದ ಮೇಲೆ, ಒಳಗಿನ ಕತ್ತಲೆಯ ಕೋಣೆಯಲ್ಲಿ ಹೆಂಡತಿ, ಕೂಸು, ಅವೆರಡರ ನಡುವಿನ ಹೊಸ್ತಿಲಲ್ಲಿ ಅತ್ತೆ. “ಹೊರಗಿಂದ ಬಂದೀರಿ, ಕಾಲ ತೊಳ್ಕೋರಿ” ಎಂದರು. ತೊಳೆದುಕೊಂಡು ಬಂದೆ. ಬಾಗಿಲಿಗೆ ಕಂಬಳಿ ಇಳಿಬಿಟ್ಟಿದ್ದರು, ಮೇಲೆ ಬೇವಿನ ಟೊಂಗೆ. ಕಂಬಳಿಯ ಅಂಚು ಎತ್ತಿ ನನಗೆ ಕೂಸಿನ ಮುಖ ತೋರಿಸಿ ಮತ್ತೆ ಇಳಿಬಿಟ್ಟರು. “ನೋಡಿದ್ರಲ್ಲ, ಸಾಕು.” ಕೂಸಿನ ತಂದೆ ನಾನೇ ಎಂಬುದು ಅಲ್ಲಿ ಯಾವ ಲೆಕ್ಕಕ್ಕೂ ಇರಲಿಲ್ಲ.

ಒಳಗಿನಿಂದ ಹೆಂಡತಿ ನೀರು ಕೇಳಿದಳು. ಅತ್ತೆ ಒಂದು ಸಣ್ಣ ಬಟ್ಟಲಲ್ಲಿ ಬಿಸಿನೀರು, ಅದೂ ಅರ್ಧ, ಕೊಟ್ಟರು. ಹಾಲೂಡಿಸುವವಳು ಚೆನ್ನಾಗಿ ನೀರು ಕುಡಿಯಬೇಕೆಂದು ದವಾಖಾನೆಯಲ್ಲಿ ಹೇಳಿದ್ದರು. ಅತ್ತೆಯ ಲೆಕ್ಕದಲ್ಲಿ ಬಾಣಂತಿಗೆ ನೀರೆಂದರೆ ನಂಜು. ನಾನು ವಾದಿಸಿ ಸೋತು, ಕೂಸಿನ ಬಟ್ಟೆಯ ಚೀಲದಲ್ಲಿ ನೀರಿನ ಬಾಟಲಿ ಮುಚ್ಚಿಟ್ಟು ಒಳಗೆ ಕಳಿಸುವುದನ್ನು ಕಲಿತಿದ್ದೆ. ಅಂದೂ ಕಳಿಸಿದೆ.

ಅಷ್ಟರಲ್ಲಿ ಊರಿನ ಒಬ್ಬ ಮುಖಂಡರು ಹಿಂದೆ ನಾಲ್ಕಾರು ಮಂದಿಯನ್ನು ಕಟ್ಟಿಕೊಂಡು ಏನೋ ಕೆಲಸಕ್ಕೆ ಮಾವನನ್ನು ಹುಡುಕಿ ಬಂದರು. ದೊಡ್ಡ ದನಿಯ ಮನುಷ್ಯ, ಬಾಗಿಲು ಕೇಳಿ ಒಳಗೆ ಬರುವವರಲ್ಲ. ಅತ್ತೆ ಎದ್ದೂ ಏಳಲಿಲ್ಲ. “ಬಾಣಂತಿ ಮಲಗ್ಯಾಳ್ರಿ” ಎಂದರು, ಅಷ್ಟೇ. ಮುಖಂಡರ ಕಾಲು ಅಂಗಳದಲ್ಲೇ ನಿಂತಿತು. ದನಿ ಪಿಸುಮಾತಾಯಿತು. ಹಿಂದಿನವರು ಒಬ್ಬರ ಕಾಲು ಒಬ್ಬರು ತುಳಿಯುತ್ತ ಹಿಂದೆ ಸರಿದರು.

ನಾನು ಕಂಬಳಿಯನ್ನೇ ನೋಡುತ್ತ ಕುಳಿತೆ. ನೀರು ಹೆಚ್ಚು ಕೊಡಬಾರದು, ಬೆಳಕು ಬೀಳಬಾರದು, ಬಿಸಿಗಾಳಿ ಬಡಿಯಬಾರದು, ಹೊರಗಿನವರು ಮುಟ್ಟಬಾರದು. ಬೋರ್ಡಿನ ಮೇಲೆ ನಾನು ಹೇಳಹೊರಟದ್ದೂ ಇಷ್ಟೇ. ಜೀವಂತ ಹೆಂಡತಿಯ ವಿಷಯದಲ್ಲಿ ತಪ್ಪಾದ ಪದ್ಧತಿ ಸುಟ್ಟ ಆರ್ಕಿಡ್‌ಗೆ ಹೇಳಿ ಮಾಡಿಸಿದಂತಿತ್ತು. ಅತ್ತೆಯನ್ನು ಒಂದು ಹಳೆಯ ಕಂಬಳಿ ಕೇಳಿದೆ. ಯಾಕೆಂದು ಹೇಳಲಿಲ್ಲ, ಹೇಳಿದ್ದರೆ ಮಗಳ ಗತಿ ನೆನೆದು ಅಳುತ್ತಿದ್ದರು.

ಮರಳಿ ಬಂದವನು ನೇರ ಅವ್ವಾರ ಹತ್ತಿರ ಹೋದೆ. “ಅವ್ವಾರ, ಗಿಡ ಸತ್ತಿಲ್ರಿ. ನಾವ ತಪ್ಪ ತಿಳದೇವಿ. ಬಾಣಂತಿ ಅದಾವು.”

ಅವ್ವಾರು ಅಡಕೆ ಕತ್ತರಿಸುತ್ತಿದ್ದವರು ಕೈ ನಿಲ್ಲಿಸಿದರು. “ಹಡದಾವೇನು?”

“ಹಡೀತಾವ್ರಿ. ಚಿಗುರ ಬರತೈತಿ.”

“ಹಡಿಯೂಕಿಂತ ಮದಲ ಬಾಣಂತನಾ? ಯಾ ಸಾಲ್ಯಾಗ ಕಲತೀಯೋ ತಮ್ಮಾ?”

ಇದನ್ನು ಯೋಚಿಸಿರಲಿಲ್ಲ. “ಅವ್ವಾರ, ಬೆಂಕಿ ಹೊಕ್ಕು ಜೀವ ಹಿಡಕೊಂಡು ಬಂದಾವು. ಹಡಿಯೂದಂದ್ರ ಇನ್ನೇನ್ರಿ? ಸತ್ತು ಹುಟ್ಟಿ ಬರೂದು ಅಂತ ನೀವ ಅಂತೀರಲ್ಲ.”

ಅವರು ಕತ್ತರಿಸಿದ ಅಡಕೆಯನ್ನು ಬಾಯಿಗೆ ಹಾಕಿಕೊಂಡರು. ಆಮೇಲೆ, “ಹಂಗಂದ್ರ ಮಂದಿ ಯಾಕ ಒಳಗ ಬಿಟ್ಟೀ?” ಎಂದು ನನಗೇ ಗದರಿ, ಚಪ್ಪಲಿ ಮೆಟ್ಟಿದರು.

ಮಧ್ಯಾಹ್ನದೊಳಗೆ ಹಸಿರುಮನೆಯ ಬಾಗಿಲಿಗೆ ಕಂಬಳಿ ಇಳಿಯಿತು, ಬೇವಿನ ಟೊಂಗೆ ಏರಿತು, ಹೊಸ್ತಿಲಿಗೆ ಅಡ್ಡ ಹಗ್ಗದ ಒಂದು ಹೊರಸು ಬಂತು, ಹೊರಸಿನ ಮೇಲೆ ಅವ್ವಾರು ಬಂದರು. ಮುಂದಿನ ಮೂರು ತಿಂಗಳು ಒಂದು ಸೊಳ್ಳೆಯೂ ಅವರನ್ನು ಕೇಳದೆ ಒಳಗೆ ಹೋಗಲಿಲ್ಲ. ತಂಬಿಗೆ ಹಿಡಿದು ಬಂದವರಿಗೆ ಅವರು ಹೇಳುತ್ತಿದ್ದದ್ದು ಒಂದೇ ಮಾತು: “ಬಾಣಂತಿಗೆ ತಣ್ಣೀರ ಹಾಕತೀರೇನ್ರೇ? ನೀವು ಹಡದೀರೋ ಇಲ್ಲೋ?” ಹೆಂಗಸರು ನಾಲಿಗೆ ಕಚ್ಚಿಕೊಂಡು ಹಿಂದಿರುಗುತ್ತಿದ್ದರು. ಸಣ್ಣ ಸಾವಕಾರರಿಗೆ ದಿನಕ್ಕೆ ಒಮ್ಮೆ ಕಂಬಳಿಯ ಅಂಚು ಎತ್ತಿ ತೋರಿಸುತ್ತಿದ್ದರು. ಆ ಅವಮಾನ ನನಗೆ ಗೊತ್ತಿದ್ದದ್ದೇ. ಆದರೂ ಅವರ ಮುಖ ನೋಡಿ ಒಳಗೊಳಗೇ ಹಿಗ್ಗಿದೆ.

ಆದರೆ ಊರಿಗೆ ಒಂದು ಪದ್ಧತಿಯನ್ನು ಅರ್ಧ ಮಾತ್ರ ಕೊಡಲು ಆಗುವುದಿಲ್ಲ, ಪೂರ್ತಿ ತೆಗೆದುಕೊಳ್ಳುತ್ತದೆ. ಬಾಣಂತಿಗೆ ಕೊಡುವ ಅಂಟಿನ ಉಂಡಿ ಬಂದವು. ಕೊಬ್ಬರಿ, ಉತ್ತತ್ತಿ, ಅಳವಿಯ ಪಾಯಸ ಬಂತು. ಗಿಡಗಳು ತಿನ್ನುವುದಿಲ್ಲವಾದ್ದರಿಂದ ನಾನು, ಕಾವಲುಗಾರ, ಕೆಲಸದ ಹೆಂಗಸರು ತಿಂದೆವು. ಆ ಬಾಣಂತನದಲ್ಲಿ ಮೈ ಹಿಡಿದವನು ನಾನೊಬ್ಬನೇ, ಪ್ಯಾಂಟಿನ ಗುಂಡಿ ಬದಲಿಸಬೇಕಾಯಿತು. ಒಬ್ಬರು ಖಣದ ಕುಲಾವಿಯನ್ನು ಹೊಲಿದು ತಂದು ಯಾವ ಕುಂಡದ ತಲೆಗೆ ಹಾಕಲಿ ಎಂದು ಕೇಳಿದರು. ಆಮೇಲೆ ಒಂದು ಸಂಜೆ ಅವ್ವಾರೇ ಕೆಂಡದ ಬುಟ್ಟಿ, ಲೋಬಾನ ಹಿಡಿದು ಎದ್ದರು. “ಬಾಣಂತಿಗೆ ಹೊಗಿ ಹಾಕಬೇಕು.”

ಕಾವಲುಗಾರ ಮರಳಿನ ಬಕೆಟ್ಟಿಗೆ ಕೈ ಹಾಕಿದ. ಅವ್ವಾರ ಮೇಲೆ ಸುರಿಯುವ ಧೈರ್ಯ ಆತನಿಗೆ ಇರಲಿಲ್ಲ, ಬಿಡುವ ಧೈರ್ಯವೂ ಇರಲಿಲ್ಲ. ಬಕೆಟ್ಟು ಎತ್ತಿಕೊಂಡೇ ನಿಂತ. ಹೊಗೆ ಆರ್ಕಿಡ್‌ಗೆ ಆಗದು, ಅದರಲ್ಲಿನ ಅನಿಲಕ್ಕೆ ಇದ್ದಬದ್ದ ಮೊಗ್ಗು, ಚಿಗುರು ಉದುರುತ್ತವೆ. ಅದನ್ನು ಹೇಳಿದೆ, ಕೇಳಲಿಲ್ಲ. ಕೊನೆಗೆ, “ಅವ್ವಾರ, ಇವು ಹೊಗಿಯಾಗ ಹಡದಾವ್ರಿ. ಇಡೀ ಜನ್ಮಕ್ಕ ಆಗೂವಷ್ಟು ಕುಡದಾವು” ಎಂದೆ. ಅದು ಅವರಿಗೆ ಸರಿ ಎನಿಸಿತು. ಕೆಂಡದ ಬುಟ್ಟಿಯನ್ನು ರಸ್ತೆಯ ಆಚೆ ಇಟ್ಟು, ಗಾಳಿ ಈ ಕಡೆ ಬೀಸದ ಹೊತ್ತು ನೋಡಿ, ಅಲ್ಲಿಂದಲೇ ಹಾಕಿದರು.

ಕಷ್ಟ ಬಂದದ್ದು ಕತ್ತರಿಸುವ ಹೊತ್ತಿಗೆ. ಗಿಡಗಳು ಗೆರೆ ಎಳೆದಿದ್ದವು. ಅಗಲ ಎಲೆಯ, ಪತಂಗದಂಥ ಹೂವಿನ ಫೆಲೆನಾಪ್ಸಿಸ್‌ಗಳು ಉಳಿಯಲಿಲ್ಲ. ಅವುಗಳ ಜೀವ ಒಂದೇ ಸುಳಿಯಲ್ಲಿ ಇರುತ್ತದೆ, ಸುಳಿ ಬೆಂದಿತ್ತು. ಅವನ್ನು ಗುಂಡಿ ತೋಡಿ ಹಾಕುವಾಗ ಸಣ್ಣ ಸಾವಕಾರರು ಒಂದು ಕುಂಡವನ್ನು ಎದೆಗೊತ್ತಿಕೊಂಡು ಕೊಡಲೇ ಇಲ್ಲ. ನಾನೂ ಕೇಳಲಿಲ್ಲ. ತಂತಿಗೆ ತೂಗುತ್ತಿದ್ದ, ಬೇರು ಸುಟ್ಟ ವಾಂಡಾಗಳನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಉಳಿದವು ಡೆಂಡ್ರೋಬಿಯಂಗಳು. ಇವುಗಳದು ಕಬ್ಬಿನಂಥ ಗಣ್ಣು ಗಣ್ಣಿನ ಕಾಂಡ, ಗಣ್ಣಿಗೊಂದು ಕಣ್ಣು. ಎಲೆ ಹೋದರೂ ಆ ಕಣ್ಣಿನಲ್ಲಿ ಜೀವ ಇದ್ದರೆ ಮರಿ ಬರುತ್ತದೆ. ಆದರೆ ಸುಟ್ಟ ಬುಡದಿಂದ ಅವನ್ನು ಬಿಡಿಸಿ, ತುಂಡು ಮಾಡಿ, ಹಸಿ ಪಾಚಿಯ ಮೇಲೆ ಮಲಗಿಸಬೇಕು. ಕತ್ತರಿಸದೆ ಬಿಟ್ಟರೆ ಕೊಳೆ ಮೇಲೇರುತ್ತದೆ. ಕತ್ತರಿಸಿದರೆ ಒಂದು ಗಿಡವೂ ಗಿಡದಂತೆ ಕಾಣುವುದಿಲ್ಲ. ಪಂಚಮಿಗೆ ದೊಡ್ಡವರು ಬಂದಾಗ ತೋರಿಸಲು ಕಟ್ಟಿಗೆ ಚೂರುಗಳು ಮಾತ್ರ ಇರುತ್ತವೆ. ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಕತ್ತರಿ ತೆಗೆದೆ.

ಮೊದಲ ಕಾಂಡ ಕಟ್ ಎಂದದ್ದೇ ಕಂಬಳಿ ಸರಿಯಿತು. “ಏನ ಮಾಡಾಕತ್ತೀಯೋ? ಬಾಣಂತಿ ಕೈಕಾಲ ಕಡೀತಿಯಾ?”

ನಾನೇ ಹೆಣೆದ ಬಲೆಯಲ್ಲಿ ನಾನೇ ಬಿದ್ದಿದ್ದೆ. ಕತ್ತರಿ ಕೈಯಲ್ಲಿ, ಅವ್ವಾರು ಎದುರಿಗೆ, ಹಿಂದೆ ಸಾವಕಾರರ ಬಿಳಿಚಿದ ಮುಖ. ಬಾಯಿಗೆ ಬಂದದ್ದು ಹೇಳಿದೆ. “ಸಿಜೇರಿನ್ ರೀ ಅವ್ವಾರ. ತಾನ ಆಗಾಕ ಒಲ್ಲದು. ಕೂಸು ಉಳೀಬೇಕಂದ್ರ ಕೊಯ್ಯೂದ.”

ಅವ್ವಾರು ಹೊರಸಿನ ಮೇಲೆ ಕುಸಿದರು. “ಈಗಿನ ಕಾಲದಾಗ ಎಲ್ಲಾರ್ದೂ ಅದ ಆತು” ಎಂದು ನಿಟ್ಟುಸಿರು ಬಿಟ್ಟು ಕಂಬಳಿ ಇಳಿಬಿಟ್ಟರು. ಕೊಯ್ದ ಗಾಯಕ್ಕೆ ನಾನು ದಾಲ್ಚಿನ್ನಿ ಪುಡಿ ಹಚ್ಚುತ್ತೇನೆಂದು ತಿಳಿದ ಮೇಲಂತೂ ಪೂರ್ತಿ ಸಮಾಧಾನವಾಯಿತು. ದಾಲ್ಚಿನ್ನಿ ಬೂಷ್ಟು ಹಿಡಿಯಗೊಡುವುದಿಲ್ಲ, ನಾನು ಹಚ್ಚುವುದು ಅದಕ್ಕೆ. ಅವರ ಪ್ರಕಾರ ಅದು ಬಾಣಂತಿಗೆ ಉಷ್ಣ. ಕಾರಣ ಬೇರೆಯಾದರೂ ಪುಡಿ ಒಂದೇ, ಕುಟ್ಟಿಕೊಟ್ಟವರೂ ಅವರೇ.

ಮಳೆಗಾಲ ಬಂತು ಎಂದು ಕ್ಯಾಲೆಂಡರು ಹೇಳಿತು. ಆಕಾಶದಲ್ಲಿ ಮೋಡಗಳು ಸುಳಿದಾಡಿ ಮುಂದಿನ ಜಿಲ್ಲೆಗೆ ಹೋದವು. ಸೆಖೆ ಇಳಿದ ಮೇಲೆ ನಾನು ಬೆಳಗ್ಗೆ ಪಾಚಿಗೆ ಮಾತ್ರ ನೀರು ಚಿಮುಕಿಸತೊಡಗಿದೆ. ಬೆಚ್ಚಗಿನ ನೀರೇ ಆಗಬೇಕೆಂದು ಅವ್ವಾರು ಹಟ ಹಿಡಿದರು, ಬೆಚ್ಚಗೆ ಮಾಡಿದೆ. ತುಂಡುಗಳು ಮಲಗಿದಲ್ಲೇ ಮಲಗಿದ್ದವು. ದಿನವೂ ಭೂತಗನ್ನಡಿ ಹಿಡಿದು ಒಂದೊಂದು ಕಣ್ಣನ್ನೂ ನೋಡುತ್ತಿದ್ದೆ. ಕೆಲವು ಒಣಗಿ ಸುಕ್ಕಾದವು. ಕೆಲವು ಉಬ್ಬಿದಂತೆ ಕಂಡು, ಮರುದಿನ ನೋಡಿದರೆ ಉಬ್ಬಿದ್ದು ನನ್ನ ಆಸೆಯೇ ಇರಬೇಕು ಎನಿಸುತ್ತಿತ್ತು. ಹೀಗೇ ಆಷಾಢ ಕಳೆಯಿತು. ಪಂಚಮಿಯ ಹಿಂದಿನ ವಾರ ಒಂದು ಕಣ್ಣಿನ ಮೇಲೆ ಹಸಿರು ಚುಕ್ಕೆ ಕಂಡಿತು. ಮರುದಿನವೂ ಇತ್ತು. ಅಂದು ನಾನು ಯಾರಿಗೂ ಹೇಳದೆ ಹಸಿರುಮನೆಯ ಹಿಂದೆ ಹೋಗಿ ಅತ್ತುಬಿಟ್ಟೆ.

ಪಂಚಮಿಯ ದಿನ ದೊಡ್ಡ ಸಾವಕಾರರು ಬಂದರು. ಜೊತೆಗೆ ಮಗ್ಗ ಕೂರಿಸುವ ಮಿಸ್ತ್ರಿ, ಆತನ ಸೊಂಟಕ್ಕೆ ಅಳತೆಯ ಟೇಪು. “ಕಾಲ ತೊಳಕೊಂಡ ಬರ್ರಿ” ಎಂದರು ಅವ್ವಾರು. ಮನೆಯ ಯಜಮಾನ, ಪೇಟೆಯಲ್ಲಿ ಮಾತು ನಡೆಯುವ ಮನುಷ್ಯ, ಮರುಮಾತಾಡದೆ ಡ್ರಮ್ಮಿನ ಬಳಿ ಹೋಗಿ ಕಾಲು ತೊಳೆದರು. ಮಿಸ್ತ್ರಿಯೂ ತೊಳೆದ.

ಒಳಗೆ ಹೋದವರೇ ನಿಂತುಬಿಟ್ಟರು. “ಗಿಡಾ ಎಲ್ಲಿ ಅದಾವ್ರಿ ಮಾಸ್ತರ? ಕಟಗಿ ಚೂರ ಇಟ್ಟೀರಿ.”

ನಾನು ಪಾಚಿಯ ತಟ್ಟೆಯನ್ನು ಮುಂದೆ ಹಿಡಿದು ಆ ಹಸಿರು ಚುಕ್ಕೆಯನ್ನು ಬೆರಳಿನಿಂದ ತೋರಿಸಿದೆ. ಸಣ್ಣ ಸಾವಕಾರರು ನನ್ನ ಹಿಂದೆ ನಿಂತು ನನ್ನ ಅಂಗಿಯ ಚುಂಗು ಹಿಡಿದುಕೊಂಡಿದ್ದರು. ದೊಡ್ಡವರು ಬಗ್ಗಿದರು, ಕನ್ನಡಕ ಏರಿಸಿದರು, ಇಳಿಸಿದರು. “ನನಗೇನೂ ಕಾಣವಲ್ದು. ಮಸಿ ಕಾಣತೈತಿ.”

“ಕಾಣಲಿಲ್ಲಂದ್ರ ಇಲ್ಲಂತೇನು?” ಎಂದರು ಬಾಗಿಲಿನಿಂದ ಅವ್ವಾರು. “ಹೊಟ್ಯಾಗಿದ್ದಾಗ ನೀ ಯಾರಿಗೆ ಕಂಡಿದ್ದೀ?”

ದೊಡ್ಡವರು ತಟ್ಟೆ ಬಿಟ್ಟು ನೆಟ್ಟಗಾದರು. ಒಂದು ಹೆಜ್ಜೆ ಮುಂದೆ ಹೋದರು. ಅಲ್ಲಿ ತಂತಿಗೆ ವಾಂಡಾ ಗಿಡಗಳನ್ನು ತೂಗುಹಾಕಿದ್ದೆ. ಬೇರೆಲ್ಲ ಗಾಳಿಯಲ್ಲೇ ಇಳಿಬಿಡುವ ಜಾತಿ. ಬೆಂಕಿಯಲ್ಲಿ ಬೇರೆಲ್ಲ ಸುಟ್ಟು, ಕರಿ ಕೊಳ್ಳಿಯಂಥ ಕಾಂಡ ಮಾತ್ರ ಉಳಿದಿತ್ತು. ಆ ಕಾಂಡದ ಮಗ್ಗುಲಿನಿಂದ, ಸರಿಯಾಗಿ ಅವರ ಕಣ್ಣಿನ ಎತ್ತರಕ್ಕೆ, ಜೋಳದ ಮೊಳಕೆಯಷ್ಟು ಒಂದು ಹೊಸ ಬೇರು ಹೊರಗೆ ಬಂದಿತ್ತು. ತುದಿ ಹಸಿರಾಗಿ ಹೊಳೆಯುತ್ತಿತ್ತು.

ಅವರು ನೋಡಿದರು. ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿ ಮತ್ತೆ ನೋಡಿದರು. ಬೆರಳು ಎತ್ತಿದವರು ಅರ್ಧದಲ್ಲೇ ನಿಲ್ಲಿಸಿದರು. “ಮುಟ್ಟಬಹುದೇನ್ರಿ?” ಕೇಳಿದ್ದು ಪಿಸುದನಿಯಲ್ಲಿ.

“ಬ್ಯಾಡ್ರಿ” ಎಂದೆ.

ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೋಡುತ್ತಲೇ ನಿಂತರು. ಮಿಸ್ತ್ರಿ ಅಷ್ಟರಲ್ಲಿ ಆ ಕಡೆಯ ಗೋಡೆಗೆ ಟೇಪು ಹಿಡಿದಿದ್ದ. “ಅಣ್ಣಾರ, ಜಾಗಾ ಬರೋಬ್ಬರಿ ಐತ್ರಿ. ಎರಡ ಸಾಲ ಮಗ್ಗ ಆರಾಮ ಕುಂದ್ರತಾವು. ಉದ್ದ ಒಂದ ನೋಡಿಬಿಡ್ತೇನಿ” ಎಂದು ಕೂಗಿದ.

ದೊಡ್ಡ ಸಾವಕಾರರು ತಿರುಗಲಿಲ್ಲ. ಕೆಮ್ಮಿ ಗಂಟಲು ಸರಿಮಾಡಿಕೊಂಡರು. ತಮ್ಮನ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ.

“ಏ, ಟೇಪ್ ಸುತ್ತೋ. ಬಾಣಂತಿ ಕೋಣ್ಯಾಗ ಅಳತಿ ಹಿಡೀಬಾರ್ದು.”

ಇಂಥದೊಂದು ಪದ್ಧತಿಯನ್ನು ನಾನು ಬಾದಾಮಿಯಲ್ಲಿ ಕೇಳಿರಲಿಲ್ಲ, ಗುಳೇದಗುಡ್ಡದಲ್ಲಿ ಕೇಳಿರಲಿಲ್ಲ, ಇಳಕಲ್ಲಿನಲ್ಲೂ ಕೇಳಿರಲಿಲ್ಲ. ಅವ್ವಾರ ಮುಖ ನೋಡಿದೆ. ಅವರೂ ಕೇಳಿರಲಿಲ್ಲ, ಬಾಯಿಯಲ್ಲಿದ್ದ ಅಡಕೆ ನಿಂತೇ ಹೋಗಿತ್ತು. ಆಮೇಲೆ ಹೊರಸಿನಿಂದ ಎದ್ದು, ಸೆರಗು ಸರಿಮಾಡಿಕೊಂಡು, ಮಿಸ್ತ್ರಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದರು:

“ಹೌದಪಾ, ಹಿಡೀಬಾರ್ದು. ನಮ್ಮತ್ತಿ ಕಾಲದಿಂದ ಹಿಡದಿಲ್ಲ.”